ನಮ್ಮ ಕೆನಾಲ್‌ದಾಗ ದೋಣಿ ಓಡಿಸಬಹುದೇನ್ರಿ?

ಪ್ರಶ್ನೆ: ಸರ್, ನಮ್ಮದು ಶಹಾಪುರ ತಾಲ್ಲೂಕು. ಹೊಲದ ಬದುವಿಗೆ ಹತ್ತಿಕೊಂಡೇ ಶಾಖಾ ಕಾಲುವೆ ಹರಿಯುತ್ತದೆ. ನಾವು ನಾಲ್ಕು ಜನ ಗೆಳೆಯರು ತಲಾ ಎರಡು ಲಕ್ಷ ಹಾಕಿ, ಹಳೆಯ ಫೈಬರ್ ದೋಣಿ ಎರಡು ತಂದು ಕಾಲುವೆಯಲ್ಲಿ ಬಿಡಬೇಕೆಂದು ಯೋಚಿಸಿದ್ದೇವೆ. ರಜೆಯ ದಿನ ಜನರನ್ನು ಸುತ್ತಾಡಿಸುವುದು, ಸುಗ್ಗಿಯಲ್ಲಿ ಹತ್ತಿ ಸಾಗಿಸುವುದು. ಟ್ರ್ಯಾಕ್ಟರ್ ಬಾಡಿಗೆ ಕೈ ಸುಡುತ್ತಿದೆ. ನಮ್ಮ ಅಜ್ಜ ಹೇಳುತ್ತಾರೆ: ‘ನಮ್ಮಪ್ಪ ಕುರಿ ಹೊಡಕೊಂಡು ಹೋದಾಗ ಕೆನಾಲ್‌ದಾಗ ನಾವಿ ಹೋಗೋದು ನೋಡ್ಯಾನ. ಬಾಗಲಾ ಹಾಕಿ, ನೀರ ತುಂಬಿಸಿ ನಾವಿ ಮ್ಯಾಲ ಎತ್ತತಿದ್ರಂತ.’ ಭೀಮಾ ನದಿ ರಾಷ್ಟ್ರೀಯ ಜಲಮಾರ್ಗ ಆಗಿದೆ, ಇನ್ನು ದೋಣಿ ಬರುವುದೇ ಅಂತ ಊರಲ್ಲಿ ಮಾತಿದೆ. ಬೀದರಿನ ಸುರಂಗ ಕಾಲುವೆಯಲ್ಲೂ ಸುಲ್ತಾನರು ದೋಣಿಯಲ್ಲಿ ಹೋಗುತ್ತಿದ್ದರು ಅನ್ನುತ್ತಾರೆ. ಇದರಲ್ಲಿ ಎಷ್ಟು ನಿಜ? ಪರವಾನಗಿ ಯಾರನ್ನು ಕೇಳಬೇಕು? ಹಾಕಿದ ದುಡ್ಡು ವಾಪಸ್ ಬರುತ್ತದೆಯೇ?

ಉತ್ತರ: ಮೊದಲು ದುಡ್ಡಿನ ಮಾತು ಮುಗಿಸಿಬಿಡೋಣ. ದೋಣಿಯವರಿಗೆ ಮುಂಗಡ ಕೊಟ್ಟಿಲ್ಲವಾದರೆ ಸದ್ಯಕ್ಕೆ ಕೊಡಬೇಡಿ. ನಿಮ್ಮ ಹೊಲದ ಪಕ್ಕದ ಕಾಲುವೆಯಲ್ಲಿ ದೋಣಿ ಬಿಡುವುದು ಆಗದ ಮಾತು. ಪರವಾನಗಿ ಸಿಗುವುದಿಲ್ಲ ಎನ್ನುವುದು ಅದಕ್ಕೆ ಸಣ್ಣ ಕಾರಣ. ದೊಡ್ಡ ಕಾರಣ, ನಿಮ್ಮಲ್ಲಿ ಯಾರಾದರೂ ಒಬ್ಬರು ಜೀವ ಕಳೆದುಕೊಳ್ಳುತ್ತೀರಿ. ಆದರೆ ನಿಮ್ಮ ಅಜ್ಜ ಹೇಳಿದ್ದು ಸುಳ್ಳಲ್ಲ. ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದೇ ಆ ‘ಬಾಗಲಾ’.

ಅಲ್ಲಿಂದಲೇ ಶುರು ಮಾಡುತ್ತೇನೆ.

ನಮ್ಮ ಕಡೆಯ ಕಾಲುವೆಗೆ ಅಷ್ಟು ವಯಸ್ಸಾಗಿಲ್ಲ. ಕೃಷ್ಣಾ ಮೇಲ್ದಂಡೆ ಯೋಜನೆಗೆ ಆಲಮಟ್ಟಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ್ದು 1964ರ ಮೇ 22ರಂದು. ನಾರಾಯಣಪುರದ ಬಸವಸಾಗರ ಜಲಾಶಯ ಮುಗಿದದ್ದು 1982ರಲ್ಲಿ. ಅಲ್ಲಿಂದ ಹೊರಡುವ ಎಡದಂಡೆ ಮುಖ್ಯ ಕಾಲುವೆ 78 ಕಿಲೋಮೀಟರ್ ಉದ್ದ. ಅದರ ನೀರೇ ಹುಣಸಗಿ, ಶಹಾಪುರ, ಮುಡಬೂಳ, ಜೇವರ್ಗಿ, ಇಂಡಿ ಶಾಖೆಗಳಿಗೆ ಹೋಗುವುದು. ಅಂದರೆ ನಿಮ್ಮ ಮುತ್ತಜ್ಜನ ಕಾಲಕ್ಕೆ ಶಹಾಪುರದ ಸುತ್ತ ಇದ್ದದ್ದು ಕೆರೆ, ಬಾವಿ, ಹಳ್ಳ ಮಾತ್ರ. ದೋಣಿ ಹೋಗುವಂಥ ಕೆನಾಲ್ ಇಲ್ಲಿ ಇರಲೇ ಇಲ್ಲ.

ಹಾಗಾದರೆ ಅವರು ಎಲ್ಲಿ ನೋಡಿದರು? ಕುರಿ ಹೊಡೆದುಕೊಂಡು ಹೋದವರು ಅಂದಿದ್ದೀರಿ. ನಮ್ಮ ಕಡೆಯ ಕುರಿಗಾರರು ಮೇವು ಹುಡುಕುತ್ತ ಕೃಷ್ಣೆ ದಾಟಿ, ರಾಯಚೂರು ಸೀಮೆ ದಾಟಿ ಕರ್ನೂಲಿನವರೆಗೆ ಹೋಗುವುದು ಹೊಸದೇನಲ್ಲ. ಕರ್ನೂಲಿನ ಮೇಲ್ಭಾಗದಲ್ಲಿ, ತುಂಗಭದ್ರೆಗೆ ಅಡ್ಡಲಾಗಿ ಸುಂಕೇಸುಲ ಎಂಬಲ್ಲಿ ಒಂದು ಆಣೆಕಟ್ಟು ಇದೆ. ಅಲ್ಲಿಂದ ಕಡಪದವರೆಗೆ ಸುಮಾರು 300 ಕಿಲೋಮೀಟರ್ ಹೋಗುವ ಕರ್ನೂಲ್–ಕಡಪ ಕಾಲುವೆಯನ್ನು, ಜನರ ಬಾಯಲ್ಲಿ ಕೆ.ಸಿ. ಕೆನಾಲನ್ನು, 1863ರಿಂದ 1870ರ ಹೊತ್ತಿಗೆ ಮದ್ರಾಸ್ ಇರಿಗೇಶನ್ ಅಂಡ್ ಕೆನಾಲ್ ಕಂಪನಿ ಕಟ್ಟಿತು. ಕಟ್ಟುವಾಗಲೇ ಎರಡು ಉದ್ದೇಶ ಇದ್ದವು: ಹೊಲಕ್ಕೆ ನೀರು, ಸರಕಿಗೆ ದಾರಿ. ಅದರಲ್ಲಿ ದೋಣಿ ಓಡಾಟ 1933ರವರೆಗೂ ಇತ್ತು. ನಿಮ್ಮ ಮುತ್ತಜ್ಜ ಹುಡುಗನಾಗಿದ್ದಾಗ ಅದನ್ನು ನೋಡಿರುವುದಕ್ಕೆ ಲೆಕ್ಕ ಸರಿಯಾಗಿ ಕೂಡುತ್ತದೆ.

ಆ ‘ಬಾಗಲಾ’ ಎಂದರೆ ಲಾಕ್. ನೆಲ ಇಳಿಜಾರು ಇದ್ದಲ್ಲಿ ಕಾಲುವೆಯನ್ನು ಒಂದೇ ಸಮನೆ ಇಳಿಸಿದರೆ ನೀರು ರಭಸವಾಗುತ್ತದೆ, ದೋಣಿ ನಿಲ್ಲುವುದಿಲ್ಲ. ಅದಕ್ಕೇ ಕಾಲುವೆಯನ್ನು ಮೆಟ್ಟಿಲಿನ ಹಾಗೆ ಕಟ್ಟುತ್ತಾರೆ. ಒಂದೊಂದು ಮೆಟ್ಟಿಲೂ ಹೆಚ್ಚುಕಡಿಮೆ ಸಮತಟ್ಟು. ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ದೋಣಿ ದಾಟಿಸಲು ನಡುವೆ ಕಲ್ಲಿನ ಕೋಣೆ, ಅದರ ಎರಡೂ ತುದಿಗೆ ಜೋಡಿ ಬಾಗಿಲು. ಕೆಳಗಿನಿಂದ ಬಂದ ದೋಣಿ ಒಳಗೆ ಸೇರಿದ ಮೇಲೆ ಹಿಂದಿನ ಬಾಗಿಲು ಮುಚ್ಚುತ್ತಾರೆ. ಮೇಲಿನ ಕಾಲುವೆಯ ನೀರನ್ನು ಸಣ್ಣ ಕಿಂಡಿಯಿಂದ ಕೋಣೆಗೆ ಬಿಡುತ್ತಾರೆ. ಬಾವಿಯಲ್ಲಿ ಕೊಡ ತೇಲಿ ಬಂದಂತೆ ದೋಣಿ ನಿಧಾನಕ್ಕೆ ಮೇಲೇರುತ್ತದೆ. ನೀರು ಎರಡೂ ಕಡೆ ಸಮ ಆದ ಕೂಡಲೇ ಮುಂದಿನ ಬಾಗಿಲು ತಳ್ಳಿದರೆ ಸುಲಭವಾಗಿ ತೆರೆಯುತ್ತದೆ. ಯಂತ್ರ ಬೇಡ, ಎಣ್ಣೆ ಬೇಡ, ನೀರಿನ ಭಾರವೇ ಕೆಲಸ ಮಾಡುತ್ತದೆ. ‘ಬಾಗಲಾ ಹಾಕಿ, ನೀರ ತುಂಬಿಸಿ, ಮ್ಯಾಲ ಎತ್ತತಿದ್ರು’: ಓದು ಬರಹ ಬಾರದ ಕುರಿಗಾರ ಮೂರು ಮಾತಿನಲ್ಲಿ ಹೇಳಿದ್ದನ್ನು ನಮಗೆ ಕಾಲೇಜಿನಲ್ಲಿ ಒಂದು ಪಾಠ ಮಾಡಿ ಹೇಳಿದ್ದರು.

ಕೆ.ಸಿ. ಕೆನಾಲಿನಲ್ಲಿ ಅಂಥ ಲಾಕ್‌ಗಳು ಹತ್ತಾರು ಇದ್ದವು. ದೋಣಿ ನಿಂತು ತೊಂಬತ್ತು ವರ್ಷವಾದರೂ ಆ ಕಾಲುವೆಯ ಮೇಲೆ ಲಾಕಿನ್‌ಸುಲ ಎಂಬ ಜಾಗದ ಹೆಸರು ಇಂದಿಗೂ ಬಳಕೆಯಲ್ಲಿದೆ. ಗೋದಾವರಿಯ ಧವಳೇಶ್ವರದಲ್ಲಿ ಇಂಥ ಲಾಕೊಂದರ ಕಲ್ಲಿನ ಅಂಚನ್ನು ನಾನು ಕೈಯಿಂದ ಮುಟ್ಟಿ ನೋಡಿದ್ದೇನೆ. ಹಗ್ಗ ಉಜ್ಜಿ ಉಜ್ಜಿ ಕಲ್ಲಿನಲ್ಲಿ ಬೆರಳು ಕೂರುವಷ್ಟು ಗೀರು ಬಿದ್ದಿತ್ತು. ನಮ್ಮ ಹಳೆಯ ಸೇದುಬಾವಿಗಳ ಕಟ್ಟೆಯ ಮೇಲೆ ಇರುತ್ತದಲ್ಲ, ಅಂಥದ್ದೇ ಗೀರು.

ಧವಳೇಶ್ವರದ ಆಣೆಕಟ್ಟು ಬ್ರಿಟಿಷ್ ಎಂಜಿನಿಯರ್ ಸರ್ ಆರ್ಥರ್ ಕಾಟನ್ ಅವರದು, 1847ರಿಂದ 1852. ವಿಜಯವಾಡದಲ್ಲಿ ಕೃಷ್ಣೆಗೆ ಆಣೆಕಟ್ಟು ಆದದ್ದು 1855ರಲ್ಲಿ. ರೈಲಿಗಿಂತ ಕಾಲುವೆ ಅಗ್ಗ, ಹೊಲಕ್ಕೂ ನೀರು, ಸರಕಿಗೂ ದಾರಿ ಎಂದು ಕಾಟನ್ ಬ್ರಿಟನ್ನಿನ ಸಂಸತ್ತಿನ ಸಮಿತಿಯ ಮುಂದೆಯೂ ವಾದಿಸಿದರು. ಗೋದಾವರಿ, ಕೃಷ್ಣಾ ಮುಖಜ ಭೂಮಿಯಲ್ಲಿ ಅವರ ಮಾತು ನಿಜವಾಯಿತು. ಅಲ್ಲಿ ನೆಲ ಅಂಗೈಯಂತೆ ಚಪ್ಪಟೆ, ನೀರು ಹೇರಳ. ಎರಡೂ ನದಿಗಳನ್ನು ಏಲೂರು ಕಾಲುವೆ ಜೋಡಿಸಿತ್ತು, ಭತ್ತದ ದೋಣಿಗಳು ತಲೆಮಾರುಗಳ ಕಾಲ ಅದರಲ್ಲಿ ಓಡಾಡಿದವು.

ಆದರೆ ಅದೇ ಮಾತು ಕರ್ನೂಲಿನ ಒಣ ಸೀಮೆಯಲ್ಲಿ ನಡೆಯಲಿಲ್ಲ. ಇಳಿಜಾರು ಜಾಸ್ತಿ, ಲಾಕ್ ಜಾಸ್ತಿ, ಖರ್ಚು ಜಾಸ್ತಿ. ಕಾಲುವೆ ಮುಗಿಯುವುದಕ್ಕೂ ರೈಲು ಬರುವುದಕ್ಕೂ ಸರಿಹೋಯಿತು. ಮದ್ರಾಸಿನಿಂದ ಕಡಪ ಹಾದು ಬಂದ ಹಳಿ, ಬೊಂಬಾಯಿಯಿಂದ ಸೊಲ್ಲಾಪುರ, ನಮ್ಮ ಕಲಬುರಗಿ, ವಾಡಿ, ಯಾದಗಿರಿ ಹಾದು ಬಂದ ಹಳಿ, ಎರಡೂ 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ಮೂರು ವರ್ಷ ಕಳೆದು, 1874ರಲ್ಲಿ, ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಹೋಯಿತು. ಒಂದು ದಿನದಲ್ಲಿ ಮುಟ್ಟುವ ಸರಕನ್ನು ವಾರಗಟ್ಟಲೆ ದೋಣಿಯಲ್ಲಿ ಯಾರು ಕಳಿಸುತ್ತಾರೆ? ಕಂಪನಿ ನಷ್ಟದಲ್ಲಿ ಕೂತಿತು, 1882ರಲ್ಲಿ ಸರ್ಕಾರ ಕಾಲುವೆಯನ್ನು ಕೊಂಡುಕೊಂಡಿತು. ಕಲಬುರಗಿ ಸೀಮೆಯಲ್ಲಿ ದೋಣಿ ಕಾಲುವೆ ಯಾಕೆ ಆಗಲಿಲ್ಲ ಎಂದು ಕೇಳಿದರೆ ನನ್ನ ಉತ್ತರ ಇಷ್ಟೇ: ನಮಗೆ ನೀರಿಗಿಂತ ನೂರು ವರ್ಷ ಮೊದಲು ರೈಲು ಬಂತು.

ಈಗ ನಿಮ್ಮ ಹೊಲದ ಪಕ್ಕದ ಕಾಲುವೆಗೆ ಬರೋಣ.

ಮೇಲಿನಿಂದ ನೋಡಿದರೆ ನೀರು ಶಾಂತವಾಗಿ ಕಾಣುತ್ತದೆ. ಅದೇ ಮೋಸ. ಸಿಮೆಂಟ್ ಲೈನಿಂಗ್ ಇರುವ ದೊಡ್ಡ ಕಾಲುವೆಯಲ್ಲಿ ನೀರು ಸೆಕೆಂಡಿಗೆ ಒಂದರಿಂದ ಒಂದೂವರೆ ಮೀಟರ್ ಓಡುತ್ತದೆ, ಅಂದರೆ ಗಟ್ಟಿ ಮನುಷ್ಯ ಬಿರುಸಾಗಿ ನಡೆಯುವ ವೇಗ. ಹೋಗುವಾಗ ದೋಣಿ ತಾನೇ ಹೋಗುತ್ತದೆ. ಬರುವಾಗ ಹುಟ್ಟು ಹಾಕಿದರೆ ನಿಂತಲ್ಲೇ ನಿಲ್ಲುತ್ತೀರಿ. ದೋಣಿಗೆಂದೇ ಕಟ್ಟಿದ ಕಾಲುವೆಗಳಲ್ಲಿ ವೇಗವನ್ನು ಇದರ ಅರ್ಧಕ್ಕಿಂತ ಕೆಳಗೆ ಇಡುತ್ತಾರೆ. ನಮ್ಮದರಲ್ಲಿ ಬೇಕೆಂದೇ ಹೆಚ್ಚಿಗೆ ಇಟ್ಟಿದೆ. ನೀರು ನಿಧಾನವಾದರೆ ಹೂಳು ಕೂಡುತ್ತದೆ, ಕೊನೆಯ ಹೊಲಕ್ಕೆ ನೀರು ಮುಟ್ಟುವುದಿಲ್ಲ.

1990ರ ದಶಕದಲ್ಲಿ ನಾನು ಒಂದು ಶಾಖಾ ಕಾಲುವೆಯ ಮೇಲೆ ಕೆಲಸದಲ್ಲಿದ್ದೆ. ಲೈನಿಂಗ್ ಎಲ್ಲೋ ಒಡೆದು ನೀರು ಸೋರುತ್ತಿತ್ತು. ಹತ್ತಿ ಹೂ ಬಿಡುವ ಹೊತ್ತು, ನೀರು ಬಂದ್ ಮಾಡುವಂತಿರಲಿಲ್ಲ. ಹರಿಗೋಲಿನಲ್ಲಿ ಕೂತು ನೋಡಿಬಿಡೋಣ ಎಂದು ನಾನೇ ಹೇಳಿದೆ. ಕೃಷ್ಣೆಯ ದಂಡೆಯಿಂದ ಅರವತ್ತು ದಾಟಿದ ಅಂಬಿಗರೊಬ್ಬರನ್ನು ಹರಿಗೋಲಿನ ಸಮೇತ ಟ್ರ್ಯಾಕ್ಟರಿನಲ್ಲಿ ಕರೆತಂದೆವು. ಎರಡೂ ದಂಡೆಯ ಮೇಲೆ ಇಬ್ಬಿಬ್ಬರು ಹಗ್ಗ ಹಿಡಿದಿದ್ದರು. ಅಜ್ಜ ಜಲ್ಲೆ ಊರಿದರು. ಹೊಳೆಯಲ್ಲಾದರೆ ಜಲ್ಲೆ ಉಸುಕಿನಲ್ಲಿ ಕಚ್ಚುತ್ತದೆ. ಇಲ್ಲಿ ಪಾಚಿ ಕಟ್ಟಿದ ಸಿಮೆಂಟು, ಜಲ್ಲೆ ಸರ್ರನೆ ಜಾರಿತು. ಹರಿಗೋಲು ಒಂದು ಸುತ್ತು ತಿರುಗಿತು, ಎರಡು ಸುತ್ತು ತಿರುಗಿತು, ಹಾಗೇ ಗೇಟಿನ ಕಡೆಗೆ ಹೊರಟಿತು. ಹಗ್ಗ ಹಿಡಿದ ಹುಡುಗರಲ್ಲಿ ಒಬ್ಬ ಮೊಣಕಾಲು ಮಡಚಿ ಬಿದ್ದ, ಅಂಗೈ ಸುಲಿದುಹೋಯಿತು. ಗೇಟು ಇನ್ನೂರು ಹೆಜ್ಜೆ ಇರುವಾಗ ಬಟ್ಟೆ ಒಗೆಯುವ ಮೆಟ್ಟಿಲೊಂದಕ್ಕೆ ಹರಿಗೋಲು ತಾಗಿ ನಿಂತಿತು. ಅಜ್ಜ ಇಳಿದು, ತಲೆಯ ರುಮಾಲು ತೆಗೆದು ಮುಖ ಒರೆಸಿಕೊಂಡು ನನಗೆ ಹೇಳಿದ್ದು ಒಂದೇ ಮಾತು: ‘ಹೊಳಿಗಿ ದಂಡಿ ಇರ್ತದ ಸಾಹೇಬ್ರ, ಇದಕ್ಕ ಗ್ವಾಡಿ ಅದ.’

ಕಾಲುವೆಯ ಅಪಾಯವನ್ನು ನಾನು ಯಾವ ಪುಸ್ತಕದಲ್ಲೂ ಇಷ್ಟು ಸರಿಯಾಗಿ ಓದಿಲ್ಲ. ಹೊಳೆಯಲ್ಲಿ ಬಿದ್ದವನು ಪಕ್ಕಕ್ಕೆ ಸರಿದರೆ ನೀರು ತೆಳ್ಳಗಾಗುತ್ತದೆ, ಕಾಲಿಗೆ ನೆಲ ಸಿಗುತ್ತದೆ, ಕೈಗೆ ಗಿಡ ಸಿಗುತ್ತದೆ. ಕಾಲುವೆಯಲ್ಲಿ ಈಜು ಬಂದವನೂ ಇಳಿಜಾರಿನ ಸಿಮೆಂಟಿನ ಮೇಲೆ ಕೈ ಇಟ್ಟು ಜಾರುತ್ತಾನೆ, ಮತ್ತೆ ಇಡುತ್ತಾನೆ, ಮತ್ತೆ ಜಾರುತ್ತಾನೆ. ನಾಲ್ಕನೆಯ ಸಲಕ್ಕೆ ದಣಿಯುತ್ತಾನೆ.

ಇದರ ಮೇಲೆ ಇನ್ನೊಂದು ವಿಷಯ. ದಾರಿಯುದ್ದಕ್ಕೂ ನೀರು ಕೆಳಕ್ಕೆ ಧುಮುಕುವ ಡ್ರಾಪ್, ಗೇಟು ಹಾಕಿ ನೀರು ತಡೆಯುವ ಕ್ರಾಸ್ ರೆಗ್ಯುಲೇಟರ್, ಹಳ್ಳದ ಮೇಲೆ ಹಾಯುವ ಅಕ್ವಡಕ್ಟ್, ತಗ್ಗು ಸೇತುವೆ ಇವೆ. ಒಂದು ಲಾಕೂ ಇಲ್ಲ. ಮೊದಲ ಗೇಟಿನವರೆಗೆ ಹೋದ ದೋಣಿಯನ್ನು ಎತ್ತಿ ಹೊತ್ತೇ ಆಚೆ ಇಡಬೇಕು. ಆ ಗೇಟುಗಳೂ ಈಗ ಮೊದಲಿನಂತಿಲ್ಲ. ಗೇಟು ನೋಡಿಕೊಳ್ಳುವ ಸೌಡಿಯವರು ಬಂದು ಚಕ್ರ ತಿರುಗಿಸುವಾಗ ಕೂಗಿ ಹೇಳಬಹುದಿತ್ತು. ಎಡದಂಡೆ ಕಾಲುವೆಯ ಜಾಲದಲ್ಲಿ ಗೇಟುಗಳನ್ನು ಕಂಪ್ಯೂಟರ್ ಮೂಲಕ ದೂರದಿಂದಲೇ ಏರಿಸಿ ಇಳಿಸುವ ವ್ಯವಸ್ಥೆ ಬಂದಿದೆ. ಗೇಟು ಏಳುವಾಗ ಅಲ್ಲಿ ದೋಣಿ ಇದೆಯೋ ಇಲ್ಲವೋ ನೋಡುವ ಕಣ್ಣು ಪಕ್ಕದಲ್ಲಿ ಇರುವುದಿಲ್ಲ.

ಹಾಗಾದರೆ ವೇಗ ಕಡಿಮೆ ಮಾಡಿ, ಲಾಕ್ ಕಟ್ಟಿ, ವರ್ಷವಿಡೀ ನೀರು ತುಂಬಿಸಿಟ್ಟರೆ ಆಗದೇ? ಕೆಲವು ರಾಜಕಾರಣಿಗಳೂ ಹೀಗೆ ಕೇಳುತ್ತಾರೆ. ಒಂದು ಲೆಕ್ಕ ಮಾಡಿ ನೋಡಿ. ತಳ 20 ಮೀಟರ್ ಅಗಲ, ನೀರು 3 ಮೀಟರ್ ಆಳ, ಬದಿ ಒಂದಕ್ಕೆ ಒಂದೂವರೆ ಇಳಿಜಾರು ಇರುವ ಕಾಲುವೆ ಎಂದುಕೊಳ್ಳಿ. ಅದರ 10 ಕಿಲೋಮೀಟರ್ ತುಂಬಿಸಿಡಲು 7 ಲಕ್ಷ ಘನ ಮೀಟರಿಗೂ ಹೆಚ್ಚು ನೀರು ಬೇಕು. ಎಕರೆಗೆ ನಾಲ್ಕು ಇಂಚಿನಂತೆ ಹಾಯಿಸಿದರೆ ಅಷ್ಟು ನೀರಿನಲ್ಲಿ 1,800 ಎಕರೆಗೆ ಒಂದು ಸಲ ನೀರು ಕಟ್ಟಬಹುದು. ಅದೂ ಒಮ್ಮೆ ತುಂಬಿಸಿದರೆ ಮುಗಿಯುವುದಿಲ್ಲ. ನಮ್ಮ ಏಪ್ರಿಲ್ ಬಿಸಿಲಿಗೆ ಆರುತ್ತದೆ, ಬಿರುಕಿನಲ್ಲಿ ಇಂಗುತ್ತದೆ, ಮತ್ತೆ ಮತ್ತೆ ತುಂಬಿಸುತ್ತಿರಬೇಕು.

ನಮ್ಮಲ್ಲಿ ವಾರಾಬಂದಿ, ಅಂದರೆ ಸರದಿಯಂತೆ ನೀರು ಬಿಡುವ ಪದ್ಧತಿ, ಯಾಕೆ ಇದೆ ಎನ್ನುವುದು ನಿಮಗೆ ಗೊತ್ತು. ನೀರಾವರಿ ಸಲಹಾ ಸಮಿತಿ ಕೂತು ಇಷ್ಟು ದಿನ ಚಾಲೂ, ಇಷ್ಟು ದಿನ ಬಂದ್ ಎಂದು ನಿಗದಿ ಮಾಡುತ್ತದೆ. ಆ ಬಂದ್ ದಿನಗಳಲ್ಲಿ ನಿಮ್ಮ ದೋಣಿ ಕೆಸರಿನಲ್ಲಿ ಕೂತಿರುತ್ತದೆ. ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಕಾಲುವೆ ಒಣಗಿರುತ್ತದೆ, ಒಣಗಲೂ ಬೇಕು. ಜಾಲಿ ಕೀಳುವುದು, ಹೂಳು ತೆಗೆಯುವುದು, ಲೈನಿಂಗ್ ತೇಪೆ ಹಾಕುವುದು ಆಗಲೇ. ಮೇಲ್ಭಾಗದವರು ಭತ್ತ ಹಚ್ಚಿ, ಕೊನೆ ಭಾಗದವರು ಗೇಟಿನ ಮುಂದೆ ಧರಣಿ ಕೂರುವುದನ್ನು ನಾನು ನೌಕರಿಯುದ್ದಕ್ಕೂ ನೋಡಿದ್ದೇನೆ. ಆ ಜನರ ಎದುರು ನಿಂತು, ದೋಣಿಗಾಗಿ ನೀರು ಹಿಡಿದಿಟ್ಟಿದ್ದೇವೆ ಎಂದು ಹೇಳುವ ಧೈರ್ಯ ನನಗಿಲ್ಲ. ಕೃಷ್ಣೆಯ ನೀರನ್ನು ರಾಜ್ಯಗಳಿಗೆ ಹಂಚಿದ ಬಚಾವತ್ ನ್ಯಾಯಮಂಡಳಿ ಅದರ ಬಳಕೆಗಳನ್ನು ಹೆಸರಿಸುವಾಗ ನೌಕಾಯಾನವನ್ನೂ ಸೇರಿಸಿದೆ, ನಿಜ. ಆದರೆ 2002ರ ರಾಷ್ಟ್ರೀಯ ಜಲನೀತಿಯ ಆದ್ಯತೆಯ ಸಾಲಿನಲ್ಲಿ ಕುಡಿಯುವ ನೀರು ಮೊದಲು, ಬೇಸಾಯ ಎರಡನೆಯದು, ದೋಣಿ ಕೊನೆಗೆ ಇತ್ತು.

ಕೇರಳದ ಆಲಪ್ಪುಳದಲ್ಲಿ ದೋಣಿ ಹೇಗೆ ನಡೆಯುತ್ತದೆ ಎಂದು ನೀವು ಕೇಳಬಹುದು. ಅಲ್ಲಿನದು ಸಮುದ್ರ ಮಟ್ಟದ ಹಿನ್ನೀರು. ಮದ್ರಾಸಿನ ಬಕಿಂಗ್‌ಹ್ಯಾಮ್ ಕಾಲುವೆಯದೂ ಅದೇ ಕಥೆ. 1806ರಲ್ಲಿ ಎಣ್ಣೂರಿನ ಕಡೆಗೆ ಶುರುವಾಗಿ, 1876–78ರ ಬರದಲ್ಲಿ ಬರಗಾಲದ ಕೂಲಿಕಾರರಿಂದ ನಗರದೊಳಗಿನ ಭಾಗ ಅಗೆಸಿ, ಕರಾವಳಿಗುಂಟ ಸುಮಾರು 420 ಕಿಲೋಮೀಟರ್ ಆಯಿತು. ಸೌದೆ, ಉಪ್ಪು, ಅಕ್ಕಿ ಅದರಲ್ಲಿ ಬರುತ್ತಿದ್ದವು. ಅದರ ನೀರು ಉಪ್ಪು, ಅಲ್ಲಿ ದೋಣಿ ಓಡಿದರೆ ಯಾವ ರೈತನ ಬೆಳೆಯೂ ಒಣಗುವುದಿಲ್ಲ. ಆದರೂ ಉಳಿಯಲಿಲ್ಲ. 1960ರ ಮತ್ತು 70ರ ದಶಕದ ಚಂಡಮಾರುತಗಳು ಮುರಿದವು, ಲಾರಿಗಳು ಸರಕು ಕಸಿದವು. ಇವತ್ತು ಚೆನ್ನೈ ಊರೊಳಗೆ ಮೇಲ್ಸೇತುವೆ ರೈಲಿನ ಕಂಬಗಳು ಆ ಕಾಲುವೆಯಲ್ಲೇ ನಿಂತಿವೆ. ನಮ್ಮದು ಹಾಗಲ್ಲ. ಬಸವಸಾಗರ ತುಂಬಿದಾಗ ನೀರಿನ ಮಟ್ಟ ಸಮುದ್ರದಿಂದ 492.25 ಮೀಟರ್ ಎತ್ತರ. ಇಲ್ಲಿಯ ಒಂದೊಂದು ಕೊಡವೂ ಎಣಿಸಿದ್ದು.

ಭೀಮೆಯ ಮಾತು. 2016ರ ರಾಷ್ಟ್ರೀಯ ಜಲಮಾರ್ಗ ಕಾಯ್ದೆಯಲ್ಲಿ ದೇಶದ 111 ಜಲಮಾರ್ಗಗಳ ಪಟ್ಟಿ ಇದೆ. ಭೀಮೆಯ 139 ಕಿಲೋಮೀಟರ್ ಅದರಲ್ಲಿ 21ನೆಯ ನಂಬರು. ಕೃಷ್ಣೆಯೂ ಬಾಗಲಕೋಟೆ ಜಿಲ್ಲೆಯ ಗಲಗಲಿಯವರೆಗೆ 4ನೆಯ ಜಲಮಾರ್ಗಕ್ಕೆ ಸೇರಿದೆ. ಪಟ್ಟಿಗೆ ಸೇರುವುದು ಎಂದರೆ ಅಲ್ಲಿ ಕೆಲಸ ಮಾಡುವ ಅಧಿಕಾರ ಕೇಂದ್ರಕ್ಕೆ ಬಂತು ಎಂದಷ್ಟೇ, ದೋಣಿ ಬಂತು ಎಂದಲ್ಲ. ಆಲಮಟ್ಟಿಗೂ ಲಾಕ್ ಇಲ್ಲ, ನಾರಾಯಣಪುರಕ್ಕೂ ಇಲ್ಲ. ನಾರಾಯಣಪುರದ ಕೆಳಗೆ ಛಾಯಾ ಭಗವತಿಯ ಬಂಡೆಗಳು, ಜಲದುರ್ಗದ ಕೊರಕಲು. ಅಲ್ಲಿ ಕೃಷ್ಣೆ ಮೂರು ಮೈಲಿಯಲ್ಲಿ 400 ಅಡಿ ಇಳಿಯುತ್ತಾಳೆ ಎಂದು ಬ್ರಿಟಿಷರ ಕಾಲದ ಗೆಜೆಟಿಯರ್ ಬರೆದಿಟ್ಟಿದೆ. ಜಲದುರ್ಗದ ಕೋಟೆಯ ಮೇಲೆ ನಿಂತು ಒಮ್ಮೆ ಕೆಳಗೆ ನೋಡಿ, ಜಲಮಾರ್ಗದ ಮಾತು ತಾನೇ ತಿಳಿಯುತ್ತದೆ. ಭೀಮೆಯಂತೂ ಮಳೆಗಾಲದಲ್ಲಿ ಊರು ಮುಳುಗಿಸಿ, ಮೇ ತಿಂಗಳಲ್ಲಿ ಮೊಣಕಾಲುದ್ದ ಆಗುವ ನದಿ. ಈ ಹೆಸರು ನಂಬಿ ಸಾಲ ತೆಗೆಯಬೇಡಿ.

ಬೀದರಿನ ಸುರಂಗ ಕಾಲುವೆ, ಅಂದರೆ ನೌಬಾದಿನ ಕರೇಜ್, ಬಹಮನಿ ಕಾಲದ ಅದ್ಭುತ ಕೆಲಸ. ಜಂಬಿಟ್ಟಿಗೆ ಕಲ್ಲಿನ ಅಡಿ ಜಿನುಗುವ ನೀರನ್ನು ಕೂಡಿಸಿ, ನೆಲದೊಳಗೇ ಹರಿಸಿ ತರುವುದಕ್ಕೆ ತೋಡಿದ್ದು. ಮೇಲಿನಿಂದ ಅಲ್ಲಲ್ಲಿ ಬಾವಿಯಂಥ ಕಿಂಡಿಗಳು. ಒಳಗೆ ಮನುಷ್ಯ ನಡೆಯಬಹುದು. ದೋಣಿಯ ಮಾತು ಕಟ್ಟುಕಥೆ. ಕುಡಿಯುವ ನೀರಿನಲ್ಲಿ ಯಾವ ಸುಲ್ತಾನನೂ ದೋಣಿ ಬಿಡಿಸುವುದಿಲ್ಲ.

ಇನ್ನು ಹತ್ತಿ ಸಾಗಾಟ. ಟ್ರ್ಯಾಕ್ಟರ್ ಬಾಡಿಗೆಯ ನೋವು ನನಗೆ ಅರ್ಥವಾಗುತ್ತದೆ. ಆದರೆ ದೋಣಿ ಅಗ್ಗ ಆಗುವುದು ನೂರಾರು ಕಿಲೋಮೀಟರ್ ಹೋಗುವ, ಹಾಳಾಗದ, ಭಾರದ ಸರಕಿಗೆ: ಕಲ್ಲು, ಕಲ್ಲಿದ್ದಲು, ಉಸುಕು. ಹತ್ತಿ ಹಗುರ, ಜಾಗ ಹೆಚ್ಚು ಹಿಡಿಯುತ್ತದೆ, ನೀರು ತಾಗಿದರೆ ಗ್ರೇಡ್ ಬಿದ್ದುಹೋಗುತ್ತದೆ. ಹೊಲದಿಂದ ದಂಡೆಗೆ ಒಂದು ಹಮಾಲಿ, ದಂಡೆಯಿಂದ ದೋಣಿಗೆ ಒಂದು, ಆಚೆ ಇಳಿಸಿ ಮತ್ತೆ ಗಾಡಿಗೆ ಹೇರಿ ಜಿನ್ನಿಂಗ್ ಮಿಲ್ಲಿಗೆ ಇನ್ನೊಂದು. ಟ್ರ್ಯಾಕ್ಟರ್ ಹೊಲದಿಂದ ಮಿಲ್ಲಿನ ಬಾಗಿಲಿಗೇ ಹೋಗುತ್ತದೆ. ನಿಮ್ಮ ಊರಿಗೆ ನಿಜವಾಗಿ ಬೇಕಾದದ್ದು ಕಾಲುವೆಯ ದಂಡೆಯ ರಸ್ತೆ. ಮಳೆಗಾಲ ಕಳೆದ ಮೇಲೆ ಅದಕ್ಕೆ ಮುರಂ ಹಾಕಿಸಿ, ತಿರುವಿನಲ್ಲಿ ತಡೆಗಲ್ಲು ನಿಲ್ಲಿಸಿ ಎಂದು ನೀರು ಬಳಕೆದಾರರ ಸಂಘದಿಂದ ಅರ್ಜಿ ಕೊಡಿ. ರಾತ್ರಿ ಹೊತ್ತು ಹೇರು ಹೊತ್ತ ಟ್ರ್ಯಾಕ್ಟರ್ ಕಾಲುವೆಗೆ ಉರುಳಿದ ಸುದ್ದಿ ನಮ್ಮಲ್ಲಿ ಎಷ್ಟು ಸಲ ಬರುತ್ತದೆ, ನೀವೂ ಓದಿದ್ದೀರಿ.

ಪ್ರವಾಸಿಗರಿಗೆ ದೋಣಿ ಎನ್ನುವುದು ಮಾತ್ರ ಕೈಬಿಡಬೇಕಾದ ಯೋಚನೆಯಲ್ಲ. ಜಾಗ ಬದಲಿಸಿ. ದೋಣಿಗೆ ನಿಂತ ನೀರು ಬೇಕು.

ಬಸವಸಾಗರದ ಹಿನ್ನೀರು ಎಲ್ಲರಿಗೂ ಮೊದಲು ಹೊಳೆಯುತ್ತದೆ. ನೋಡಲು ಚಂದ, ಆದರೆ ನಾನು ಅದನ್ನು ಹೊಸಬರಿಗೆ ಹೇಳುವುದಿಲ್ಲ. ಗಾಳಿ ಎದ್ದರೆ ಅಲ್ಲಿ ಅಲೆ ಎದ್ದು ಸಣ್ಣ ದೋಣಿಯನ್ನು ಬುಡಮೇಲು ಮಾಡುತ್ತದೆ. ನೀರು ಇಳಿದಂತೆ ಬಂಡೆ, ಗಿಡದ ಮೋಟು ಮೇಲೆ ಬರುತ್ತವೆ. ಅಣೆಕಟ್ಟಿನ ಹತ್ತಿರದ ನೀರಿಗೆ ಇಳಿಯುವುದಕ್ಕೆ ಬಿಡುವುದೂ ಇಲ್ಲ.

ಸನ್ನತಿಯಲ್ಲಿ ಭೀಮೆಯ ಬ್ಯಾರೇಜಿನ ಹಿಂದೆ ನಿಲ್ಲುವ ನೀರು ನನಗೆ ಹೆಚ್ಚು ಆಸೆ ಹುಟ್ಟಿಸುತ್ತದೆ. ಚಂದ್ರಲಾಂಬೆಯ ಭಕ್ತರು ಬರುತ್ತಾರೆ, ಪಕ್ಕದಲ್ಲೇ ಕನಗನಹಳ್ಳಿಯ ಸ್ತೂಪ, ‘ರಾಯ ಅಸೋಕೋ’ ಎಂದು ಬರೆದ ಅಶೋಕನ ಶಿಲ್ಪ. ಬಂದವರು ಒಂದು ತಾಸು ನೀರಿನ ಮೇಲೆ ಕೂರಲು ಒಪ್ಪುತ್ತಾರೆ. ಆದರೆ ಭೀಮೆಯ ನೀರು ಮಹಾರಾಷ್ಟ್ರದ ಉಜನಿ ಅಣೆಕಟ್ಟಿನಿಂದ ಬರುವುದು. ಇಲ್ಲಿ ಹನಿ ಮಳೆ ಇಲ್ಲದಿದ್ದರೂ ಅಲ್ಲಿ ಬಿಟ್ಟರೆ ಇಲ್ಲಿ ಗೇಟು ಎತ್ತುತ್ತಾರೆ. 2020ರ ಅಕ್ಟೋಬರಿನ ಪ್ರವಾಹ ನಿಮಗೆ ನೆನಪಿರಬೇಕು. ಉಸುಕು ತೆಗೆದ ಗುಂಡಿಗಳು ತಳದಲ್ಲಿ ಬಾಯ್ತೆರೆದಿರುತ್ತವೆ. ಆದ್ದರಿಂದ ನವೆಂಬರಿನಿಂದ ಫೆಬ್ರವರಿವರೆಗೆ ಮಾತ್ರ, ಗೇಟು ನೋಡಿಕೊಳ್ಳುವ ಸಿಬ್ಬಂದಿಯೊಂದಿಗೆ ದಿನವೂ ಫೋನಿನಲ್ಲಿ ಮಾತಾಡಿಕೊಂಡು ನಡೆಸಬೇಕಾದ ಕೆಲಸ ಅದು. ನಾಲ್ಕು ತಿಂಗಳ ದುಡಿಮೆಯಲ್ಲಿ ವರ್ಷದ ಕಂತು ಕಟ್ಟಬೇಕು ಎನ್ನುವುದನ್ನು ಮರೆಯಬೇಡಿ.

ನೀವು ಕೈ ಪಳಗಿಸಿಕೊಳ್ಳಲು ಯಾದಗಿರಿ ಹತ್ತಿರದ ಹತ್ತಿಕುಣಿಯಂಥ ಜಲಾಶಯ ಅಥವಾ ಊರಿನ ದೊಡ್ಡ ಕೆರೆ ಸಾಕು. ಸಂಬಂಧಪಟ್ಟ ಇಲಾಖೆ ಅಥವಾ ಪಂಚಾಯತಿಯ ಒಪ್ಪಿಗೆ, ದೋಣಿಯ ನೋಂದಣಿ, ವಿಮೆ, ಕೂತವರಿಗೆಲ್ಲ ಜೀವರಕ್ಷಕ ಜಾಕೆಟ್, ಇಷ್ಟಿಲ್ಲದೆ ಮೊದಲ ಟಿಕೆಟ್ ಹರಿಯಬೇಡಿ. ಎರಡು ದೋಣಿಯ ಬದಲು ಒಂದೇ ಹುಟ್ಟಿನ ದೋಣಿ ಕೊಳ್ಳಿ, ಮೋಟಾರು ಬೇಡ. ಸುರಪುರದ ಬೋನಾಳ ಕೆರೆ ಕಣ್ಣಿಗೆ ಬೀಳಬಹುದು, ಅದನ್ನು ಬಿಟ್ಟುಬಿಡಿ. ಅದು ಹಕ್ಕಿಗಳ ಊರು.

ಕಾಲುವೆಯಲ್ಲೇ ಬಿಟ್ಟರೆ ಏನಾಗುತ್ತದೆ ಎಂದು ಯಾರಾದರೂ ಹುರಿದುಂಬಿಸಿದರೆ, 1965ರ ಕರ್ನಾಟಕ ನೀರಾವರಿ ಕಾಯ್ದೆಯಡಿ ಕಾಲುವೆಯ ಹರಿವಿಗೆ ಅಡ್ಡಿ ಮಾಡುವುದು, ಕಟ್ಟಡಕ್ಕೆ ಧಕ್ಕೆ ತರುವುದು ಶಿಕ್ಷೆಯ ಅಪರಾಧ ಎಂದು ಹೇಳಿ. ಅದಕ್ಕೂ ಮೊದಲು ಆ ಅಂಬಿಗ ಅಜ್ಜನ ಮಾತು ಹೇಳಿ.

ದೋಣಿಗಾಗಿ ಕೂಡಿಸಿದ ಎಂಟು ಲಕ್ಷದಲ್ಲಿ ಎರಡು ಸಾವಿರ ತೆಗೆದು ಇನ್ನೊಂದು ಕೆಲಸ ಮಾಡುತ್ತೀರಾ? ನಿಮ್ಮ ಊರಿನವರು ಬಟ್ಟೆ ಒಗೆಯುವ, ದನ ತೊಳೆಯುವ ಜಾಗದಲ್ಲಿ ದಪ್ಪ ನೈಲಾನ್ ಹಗ್ಗ ಅರವತ್ತು ಅಡಿ ತಂದು, ಖಾಲಿ ಎಣ್ಣೆ ಡಬ್ಬಿಯೊಂದರ ಮುಚ್ಚಳ ಬಿಗಿ ಮಾಡಿ, ಆ ಡಬ್ಬಿಯನ್ನು ಹಗ್ಗದ ತುದಿಗೆ ಕಟ್ಟಿ, ಮೆಟ್ಟಿಲ ಪಕ್ಕದ ಗಿಡಕ್ಕೆ ನೇತುಹಾಕಿ. ಯಾರಾದರೂ ಬಿದ್ದರೆ ಹಿಂದೆ ಜಿಗಿಯಬೇಡಿ. ನೀರು ಹೋಗುವ ದಿಕ್ಕಿಗೆ ಓಡಿ, ಬಿದ್ದವರಿಗಿಂತ ಮುಂದೆ ನಿಂತು ಡಬ್ಬಿ ಎಸೆಯಿರಿ. ಹಗ್ಗ ಇಲ್ಲದಿದ್ದರೆ ಸೀರೆ, ಪಂಜೆ, ಡ್ರಿಪ್ ಪೈಪು ಏನಾದರೂ ಸರಿ. ಕಾಲುವೆಯಲ್ಲಿ ಒಬ್ಬರು ಬಿದ್ದು ಮೂವರು ಸಾಯುವುದು ಹಿಂದೆ ಜಿಗಿದವರಿಂದಲೇ.

ಅಜ್ಜನ ಹತ್ತಿರ ಇನ್ನೊಮ್ಮೆ ಕೂತು ಕೇಳಿ ಬರೆದುಕೊಳ್ಳಿ. ಆ ಬಾಗಿಲು ಕಟ್ಟಿಗೆಯದೋ ಕಬ್ಬಿಣದ್ದೋ, ನಾವಿಯನ್ನು ದಂಡೆಯ ಮೇಲಿನಿಂದ ಹಗ್ಗ ಕಟ್ಟಿ ಮನುಷ್ಯರು ಎಳೆಯುತ್ತಿದ್ದರೋ ಎತ್ತುಗಳೋ, ಅದರಲ್ಲಿ ಏನು ಹೇರಿದ್ದರು, ಕುರಿಗಳಿಗೆ ಆ ನೀರು ಕುಡಿಸಲು ಬಿಡುತ್ತಿದ್ದರೋ ಇಲ್ಲವೋ. ಸಿಕ್ಕಷ್ಟನ್ನು ನನಗೂ ಬರೆದು ಕಳಿಸಿ. ಕೆ.ಸಿ. ಕೆನಾಲಿನ ದೋಣಿಯನ್ನು ಕಂಡವರು ಇನ್ನು ಯಾರೂ ಉಳಿದಿರಲಿಕ್ಕಿಲ್ಲ, ಕಂಡವರ ಬಾಯಿಂದ ಕೇಳಿದವರು ನಿಮ್ಮ ಮನೆಯಲ್ಲಿದ್ದಾರೆ.